ದಣಿವು ಹೊರುವವಳ ತಮ್ಮ

ಊರಿಗೆ ಜ್ವರ ಬರುವುದಕ್ಕೆ ಮುಂಚೆ ನಾನು ನೂಲಿನ ಗಿರಣಿಯ ಗೇಟಿನ ಪಕ್ಕ ಕಲ್ಲುಬೆಂಚಿನ ಮೇಲೆ ಕೂರುತ್ತಿದ್ದೆ. ಪಾಳಿ ಬಿಟ್ಟ ಹೆಂಗಸರು ಸಾಲಾಗಿ ಬಂದು ನನ್ನ ಅಂಗೈಗೆ ಅಂಗೈ ಹಚ್ಚಿ ನಿಲ್ಲುತ್ತಿದ್ದರು. ಎಲೆಗೆ ಸುಣ್ಣ ಸವರಿ ಮಡಿಸುವಷ್ಟು ಹೊತ್ತು ಸಾಕು, ಅವರ ದಣಿವು ನನಗೆ ಇಳಿಯುತ್ತಿತ್ತು. ಆಮೇಲೆ ಅವರು ಸೆರಗು ಕೊಡವಿಕೊಂಡು, ಬೆಳಿಗ್ಗೆ ಎದ್ದವರ ಹಾಗೆ ಮನೆಗೆ ಹೋಗಿ ಮುದ್ದೆಗೆ ಎಸರಿಡುತ್ತಿದ್ದರು. ಗಿರಣಿಯವರು ನನಗೆ ಸಂಬಳ ಕೊಡುತ್ತಿದ್ದದ್ದು ಇದಕ್ಕೇ. ನಮ್ಮೂರಲ್ಲಿ ಈ ಕೆಲಸ ಮಾಡುವವರನ್ನು ಹೊರುವವರು ಅನ್ನುತ್ತಾರೆ. ಬಸ್ ಡಿಪೋಗೆ, ಶಾಲೆಗೆ, ಮದುವೆ ಛತ್ರಕ್ಕೆ, ಎಲ್ಲ ಕಡೆ ಒಬ್ಬೊಬ್ಬರು ಇರುತ್ತಾರೆ. ಛತ್ರದ ಕೆಲಸ ಸುಖ ಅನ್ನುವವರಿದ್ದಾರೆ, ಊಟ ಚೆನ್ನಾಗಿರುತ್ತದೆ ಅಂತ. ನಾನು ಒಂದು ವರ್ಷ ಮಾಡಿ ಬಿಟ್ಟೆ. ಮದುವೆ ಹುಡುಗಿಯ ತಾಯಿಯ ದಣಿವು ಒಬ್ಬಳದೇ ಸಾಕು, ಎರಡು ದಿನ ಹಾಸಿಗೆ ಬಿಟ್ಟು ಏಳೋದಕ್ಕಾಗಲ್ಲ.

ದಣಿವು ನೀರಿದ್ದ ಹಾಗೆ. ಮೇಲಿಂದ ಕೆಳಕ್ಕೆ, ತುಂಬಿದ ಕಡೆಯಿಂದ ಖಾಲಿ ಕಡೆಗೆ ಹರಿಯುತ್ತದೆ. ಕೊಡುವವರ ಮನಸ್ಸಾಗಲಿ ತೆಗೆದುಕೊಳ್ಳುವವರ ಮನಸ್ಸಾಗಲಿ ಅದಕ್ಕೆ ಲೆಕ್ಕವಿಲ್ಲ. ಬೇರೆಯವರು ಚೊಂಬು, ನಾವು ಹೊರುವವರು ಹಂಡೆ. ಎಷ್ಟೋ ಚೊಂಬು ಸುರಿದರೂ ಹಂಡೆ ಬೇಗ ತುಂಬಲ್ಲ. ಆದರೆ ಒಂದು ಸಲ ತುಂಬಿತೋ, ನಿದ್ದೆ ಮಾಡಿಯೇ ಖಾಲಿ ಮಾಡಬೇಕು, ಬೇರೆ ದಾರಿ ಇಲ್ಲ. ತುಂಬಿದ ಹೊರುವವಳ ಕೈಯನ್ನು ಯಾರಾದರೂ ಮರೆತು ಹಿಡಿದರೆ ಅವರು ನಿಂತಲ್ಲೇ ಕುಸಿಯುತ್ತಾರೆ. ಅದಕ್ಕೇ ಕೆಲಸ ಮುಗಿಸಿ ಬರುವಾಗ ನಾವು ಕೈಗಳನ್ನು ಕಂಕುಳಲ್ಲಿ ಇಟ್ಟುಕೊಂಡು ನಡೆಯುವುದು. ಹೊರಗಿನಿಂದ ಬಂದವರು ಚಳಿಯೇನೋ ಅಂದುಕೊಳ್ಳುತ್ತಾರೆ.

ಮನೆಯಲ್ಲಿ ನಾನು ಮತ್ತು ನನ್ನ ತಮ್ಮ. ಅಪ್ಪ ಇಟ್ಟ ಹೆಸರು ದೊರೆಸ್ವಾಮಿ, ಎಲ್ಲರೂ ಕರೆಯುವುದು ದೊರೆ. ಚಿಕ್ಕವನಾಗಿದ್ದಾಗ ಕೀಲುಕೀಲು ಊದಿಕೊಂಡು ಜ್ವರ ಬಂದು, ಹೋಗುವಾಗ ಅವನ ಎದೆಯ ಕವಾಟ ಕೆಡಿಸಿ ಹೋಯಿತು. ಈಗ ನಲವತ್ತು ದಾಟಿದ್ದಾನೆ. ಕಿಟಕಿಯ ಹತ್ತಿರ ಚಾಪೆ ಹಾಕಿಕೊಂಡು ಕೊಡೆ ರಿಪೇರಿ ಮಾಡುತ್ತಾನೆ. ಎದ್ದು ಬಚ್ಚಲಿಗೆ ಹೋಗಿ ಬಂದರೆ ಬೆಟ್ಟ ಹತ್ತಿದವನ ಹಾಗೆ ಏದುತ್ತಾನೆ. ಅವನ ಎದೆ ಕೂತಲ್ಲೇ ದುಡಿಯುತ್ತಿರುತ್ತದೆ, ಆ ದಣಿವನ್ನು ದಿನಾ ಇಳಿಸಿಕೊಳ್ಳಿ, ಇಲ್ಲದಿದ್ದರೆ ಅದು ಒಂದು ದಿನ ನಿಂತುಬಿಡುತ್ತೆ ಅಂತ ಡಾಕ್ಟರು ಹೇಳಿದ್ದರು. ಗಿರಣಿಯಿಂದ ಬಂದು ಒಂದು ನಿದ್ದೆ ತೆಗೆದು, ಎದ್ದು ಅವನ ಕೈ ಹಿಡಿಯುವುದು ನನ್ನ ದಿನದ ಕೆಲಸ. ಒಂದು ಚೊಂಬಿನಷ್ಟು ತಾನೇ, ನನಗೆ ಭಾರವೆನಿಸುತ್ತಿರಲಿಲ್ಲ. "ನಾನು ಮನೇಲಿ ಕೂತು ದಣೀತೀನಿ, ನೀನು ಬೀದೀಲಿ ಕೂತು ದಣೀತೀಯ. ನಮ್ಮಪ್ಪನ ಮಕ್ಕಳಷ್ಟು ಸೋಂಬೇರಿಗಳು ಈ ಊರಲ್ಲಿಲ್ಲ ಕಣಕ್ಕ" ಅನ್ನುತ್ತಿದ್ದ. ಅವನ ಎದೆ ಮಾತ್ರ ಮೆತ್ತಗೆ, ಬಾಯಿ ಗಟ್ಟಿ.

ಆ ವರ್ಷ ಬಂದ ಜ್ವರದ ಮೊದಲ ಲಕ್ಷಣ ಕೆಮ್ಮಲ್ಲ, ಮೈ ಬಿಸಿಯೂ ಅಲ್ಲ. ಬರೀ ದಣಿವು. ಮೊದಲು ಬಂದದ್ದು ಡಿಪೋದ ಒಬ್ಬ ಡ್ರೈವರಿಗೆ. ಬಸ್ಸಿನಿಂದ ಇಳಿಯುವಾಗಲೇ ಕುಸಿದು ಕೂತ. ನಮ್ಮ ಜನ ಏನು ಮಾಡುತ್ತಾರೆ? ಕಂಡಕ್ಟರು ಒಂದು ಕೈ ಹಿಡಿದ, ಮೆಕ್ಯಾನಿಕ್ಕು ಇನ್ನೊಂದು ಕೈ ಹಿಡಿದ. ಮನೆಗೆ ಒಯ್ದರೆ ಹೆಂಡತಿ, ಅತ್ತೆ, ಪಕ್ಕದ ಮನೆಯವರು, ಎಲ್ಲರೂ ಸರದಿಯಲ್ಲಿ ಬಂದು ಹಿಡಿದರು. ಎಲ್ಲರೂ ಒಂದೊಂದು ಬೊಗಸೆ ಹಂಚಿಕೊಂಡರೆ ಮನುಷ್ಯ ಎದ್ದು ಕೂರುತ್ತಾನೆ ಅನ್ನುವುದು ನಮ್ಮ ಅಭ್ಯಾಸ. ಆದರೆ ಈ ರೋಗದ ದಣಿವು ಹರಿಯುವಂಥದ್ದಲ್ಲ, ಅದು ಅವನಲ್ಲೇ ಉಳಿಯಿತು. ರೋಗ ಮಾತ್ರ ಎಲ್ಲರಿಗೂ ಹೋಯಿತು. ಅವನಿಗೆ ಇನ್ನೂ ಇಳಿದಿಲ್ಲ ಅಂತ ಮರುದಿನ ಇನ್ನಷ್ಟು ಜನ ಬಂದು ಹಿಡಿದರು. ಬೇರೆ ಊರುಗಳಲ್ಲಿ ಜನ ಕೆಮ್ಮಿ, ಸೀನಿ ಹರಡಿದರಂತೆ. ನಾವು ಒಳ್ಳೆಯತನದಿಂದ ಹರಡಿದೆವು.

ಮೈಕು ಕಟ್ಟಿದ ಜೀಪು ಬೀದಿಬೀದಿ ತಿರುಗಿ, ಯಾರೂ ಯಾರ ಕೈಯನ್ನೂ ಹಿಡಿಯಕೂಡದು ಅಂತ ಸಾರಿತು. ಕೈಗವಸು ಹಾಕಿಕೊಂಡು ಹಿಡಿದು ನೋಡಿದವರಿದ್ದಾರೆ, ದಣಿವು ದಾಟಲಿಲ್ಲ. ಹೀಗೆ ನಮ್ಮೂರಿನವರು ಮೊದಲ ಸಲ ಅವರವರ ದಣಿವು ಅವರವರೇ ಇಟ್ಟುಕೊಳ್ಳಬೇಕಾಯಿತು. ಬ್ಯಾಂಕಿನ ಮ್ಯಾನೇಜರು ಮಧ್ಯಾಹ್ನ ಕೌಂಟರಿನ ಮೇಲೆ ತಲೆಯಿಟ್ಟು ಗೊರಕೆ ಹೊಡೆಯುತ್ತಿದ್ದರಂತೆ. ಅಂಗಡಿಗಳು ಎರಡು ಗಂಟೆಗೆ ಬಾಗಿಲು ಹಾಕತೊಡಗಿದವು. ಸರ್ಕಾರ ಹೇಳಿದ್ದಕ್ಕಲ್ಲ, ನಿಲ್ಲಲಾಗದೆ. ಎದುರುಮನೆಯ ಪುಟ್ಟತಾಯಿ ಮೂರು ಜನ ಸೊಸೆಯಂದಿರ ಅತ್ತೆ. ಇಷ್ಟು ವರ್ಷ ಅವಳ ದಣಿವು ಅವಳ ಹತ್ತಿರ ಒಂದು ಗಳಿಗೆಯೂ ನಿಂತದ್ದಿಲ್ಲ. ಒಂದು ದಿನ ಕಿಟಕಿಯಿಂದ ಕೂಗಿದಳು. "ಚೌಡೀ, ಮಂಡಿ ಹಿಂದೆ ಏನೋ ಜಗ್ಗಿದ ಹಾಗಾಗುತ್ತೆ ಕಣೇ. ಸೊಂಟದಲ್ಲೂ ಏನೋ ಕೂತ ಹಾಗಿದೆ. ಜ್ವರಾನಾ?"

"ಅಲ್ಲ ಕಣಕ್ಕ, ಅದು ದಣಿವು. ನಿಂದೇ."

"ನಂದಾ? ಥೂ! ಇಷ್ಟು ಕೆಟ್ಟದಾಗಿರುತ್ತಾ?"

ಒಳಗಿನಿಂದ ಯಾವಳೋ ಸೊಸೆ ಕಿಸಕ್ಕನೆ ನಕ್ಕದ್ದು ನನಗೂ ಕೇಳಿಸಿತು.

ಗಿರಣಿ ಮುಚ್ಚಿತು. ಕೊಡೆ ರಿಪೇರಿಗೂ ಯಾರೂ ಬರುವ ಹಾಗಿರಲಿಲ್ಲ. ಇದ್ದ ರಾಗಿ ಮುಗಿಯುತ್ತಾ ಬಂದಾಗ ಆಸ್ಪತ್ರೆಯ ದೊಡ್ಡ ನರ್ಸು ಎಲಿಸಮ್ಮ ನಮ್ಮ ಮನೆ ಮುಂದೆ ಬಂದು ಬೀದಿಯಲ್ಲೇ ನಿಂತರು. ಮುಖಕ್ಕೆ ಬಟ್ಟೆ ಕಟ್ಟಿದ್ದರು. ನಿಂತ ರೀತಿ ನೋಡಿಯೇ ಗೊತ್ತಾಯಿತು, ದಣಿವು ಕೊರಳವರೆಗೆ ತುಂಬಿದೆ.

"ಚೌಡಮ್ಮ, ನಮ್ಮ ಹುಡುಗಿಯರು ನಿಂತುಕೊಂಡೇ ನಿದ್ದೆ ಮಾಡ್ತಿದಾರೆ. ಮೊನ್ನೆ ಒಬ್ಬಳು ರೋಗಿ ಮಂಚದ ಮೇಲೇ ಮಲಗಿಬಿಟ್ಟಿದ್ದಳು. ರಾತ್ರಿ ಪಾಳಿಗೆ ಒಬ್ಬರು ಹೊರುವವರು ಬೇಕು. ರೋಗಿಗಳನ್ನ ಮುಟ್ಟಬೇಕಾಗಿಲ್ಲ. ನರ್ಸುಗಳ ಕೈ ಮಾತ್ರ, ಸೋಪು ಹಾಕಿ ತೊಳೆದು. ವಾರವಾರ ಪರೀಕ್ಷೆ ಮಾಡ್ತೀವಿ."

ನಾನು ಒಳಗೆ ತಿರುಗಿ ನೋಡಿದೆ. ದೊರೆ ಕೇಳಿಸದವನ ಹಾಗೆ ಕೊಡೆಕಡ್ಡಿ ನೇರ ಮಾಡುತ್ತಿದ್ದ. ಕೆಲಸ ಬೇಕೇಬೇಕಿತ್ತು. ಆದರೆ ಇಡೀ ರಾತ್ರಿ ನರ್ಸುಗಳ ದಣಿವು ಹೊತ್ತು, ಮತ್ತೆ ರಾತ್ರಿ ಹೋಗುವಷ್ಟರಲ್ಲಿ ನಾನು ಖಾಲಿಯಾಗಿದ್ದರೆ ಅದೇ ಹೆಚ್ಚು. ನಡುವೆ ತಮ್ಮನ ಕೈ ಯಾವ ಗಳಿಗೆಯಲ್ಲಿ ಹಿಡಿಯುವುದು? ಸ್ವಲ್ಪ ಹೆಚ್ಚುಕಮ್ಮಿಯಾದರೂ ಹಂಡೆ ಚೊಂಬಿಗೆ ಸುರಿಯುತ್ತದೆ. ಜೊತೆಗೆ ಆಸ್ಪತ್ರೆಯಿಂದ ಬಂದ ಕೈ.

"ಸಂಬಳ ನೀವು ಕೊಡೋದು ಕೊಡಿ, ಅದಕ್ಕೆ ಚೌಕಾಸಿ ಮಾಡಲ್ಲ" ಅಂದೆ. "ಆದರೆ ಅದರ ಜೊತೆ ನಂಗೊಂದು ಕೈ ಬೇಕು."

"ಎಂಥ ಕೈ?"

"ಖಾಲಿ ಕೈ. ದಣಿಯದ್ದು, ವಾರ್ಡಿನ ಹತ್ತಿರ ಸುಳಿಯದ್ದು. ದಿನಾ ಸಂಜೆ ಬಂದು ನನ್ನ ತಮ್ಮನ ಕೈ ಹಿಡಿದು ಹೋಗಬೇಕು."

"ಆಸ್ಪತ್ರೇಲಿ ದಣಿಯದ ಕೈ ಎಲ್ಲಿಂದ ತರಲಮ್ಮ ನಾನು?" ಅಂದವರು ಆಮೇಲೆ ಬಟ್ಟೆಯೊಳಗೇ ನಕ್ಕರು. "ಒಬ್ಬರಿದಾರೆ."

ಆ ಒಬ್ಬರು ಶ್ರೀಕಂಠಯ್ಯನವರು, ಆಸ್ಪತ್ರೆಯ ಹೆಡ್ ಕ್ಲರ್ಕು. ಮೇಲಿನ ಮಹಡಿಯಲ್ಲಿ ಒಬ್ಬರೇ ಕೂರುವ ಕೋಣೆ, ಹತ್ತಕ್ಕೆ ಬಂದು ಐದಕ್ಕೆ ಹೋಗುವವರು. ಹೆಂಡತಿ ತೀರಿಕೊಂಡ ಮೇಲೆ ಮನೆಯಲ್ಲೂ ಒಬ್ಬರೇ. ಹುಟ್ಟಿದಾಗಿನಿಂದ ದಣಿವನ್ನು ಬೇರೆಯವರಿಗೆ ಕೊಟ್ಟು ಗೊತ್ತೇ ಹೊರತು ಯಾರದ್ದನ್ನೂ ತೆಗೆದುಕೊಂಡವರಲ್ಲ. ಎಲಿಸಮ್ಮ ಅವರಿಗೆ ಏನು ಹೇಳಿ ಒಪ್ಪಿಸಿದರೋ, ಮೊದಲ ಸಂಜೆ ಸ್ಕೂಟರಿನಲ್ಲಿ ಬಂದರು. ತಮ್ಮದೇ ಸೋಪು, ತಮ್ಮದೇ ಟವಲು, ಕೂರುವುದಕ್ಕೆ ತಮ್ಮದೇ ಚಾಪೆ.

"ಇವರೇನಾ? ನೋಡಿದರೆ ಆರಾಮಾಗೇ ಇದ್ದಾರಲ್ಲ" ಅಂದರು, ದೊರೆಯನ್ನು ನೋಡಿ.

"ಕೂತಿರೋದನ್ನ ನೋಡಿದರೆ ನೀವೂ ಹಾಗೇ ಕಾಣ್ತೀರಿ ಸ್ವಾಮಿ" ಅಂದ ದೊರೆ.

ನಾನು ಹಿತ್ತಲ ಬಾಗಿಲಲ್ಲಿ ನಿಂತು ನೋಡುತ್ತಿದ್ದೆ. ಶ್ರೀಕಂಠಯ್ಯನವರು ದೇವರ ಪ್ರಸಾದಕ್ಕೆ ಕೈ ಒಡ್ಡುವವರ ಹಾಗೆ ಬಲಗೈ ಚಾಚಿದರು. ದೊರೆ ಅಂಗೈ ಇಟ್ಟ. ಒಂದು ಕ್ಷಣ ಅವರ ಮುಖ ಹಾಗೇ ಇತ್ತು. ಆಮೇಲೆ ಬೆನ್ನು ಬಾಗಿತು, ಇನ್ನೊಂದು ಕೈಯಿಂದ ಗೋಡೆ ಹುಡುಕಿದರು. ಬಾಯಿ ತೆರೆದು ಉಸಿರು ಎಳೆದುಕೊಂಡರು.

"ಇದು... ಇದೆಲ್ಲ ಒಂದು ದಿನದ್ದಾ?"

"ಇವತ್ತು ಭಾನುವಾರ ಸ್ವಾಮಿ, ಕಡಿಮೆ."

ಅವರು ಜಗಲಿಯ ಮೇಲೆ ತುಂಬ ಹೊತ್ತು ಕೂತಿದ್ದರು. ಸ್ಕೂಟರು ಒದೆಯುವುದಕ್ಕೆ ಕಾಲು ಎತ್ತಿ ಎರಡು ಸಲ ಇಳಿಸಿದರು. ನಾಳೆ ಈ ಮನುಷ್ಯ ಬರಲ್ಲ ಅಂತ ನಾನು ಅಂದುಕೊಂಡೆ. ಮರುದಿನ ಸ್ವಲ್ಪ ಬೇಗನೇ ಬಂದರು. ಬೆನ್ನಿಗೆ ಕೊಟ್ಟುಕೊಳ್ಳುವುದಕ್ಕೆ ದಿಂಬು ತಂದಿದ್ದರು. ವಾರ ಕಳೆಯುವುದರಲ್ಲಿ ಬಂದವರು ದೊರೆಯ ಜೊತೆ ರೇಡಿಯೋದ ವಾರ್ತೆಗೆ ಜಗಳವಾಡುತ್ತಿದ್ದರು. ದೊರೆಯ ದಣಿವು ಹೊತ್ತು ಆಫೀಸಿಗೆ ಹೋಗತೊಡಗಿದ ಮೇಲೆ ಅವರು ಕೆಳಗಿನವರ ಮೇಲೆ ರೇಗುವುದು ನಿಂತಿದೆ ಅಂತ ಎಲಿಸಮ್ಮ ಹೇಳಿದರು. ರೇಗುವುದಕ್ಕೂ ತ್ರಾಣ ಬೇಕಲ್ಲ.

ನನ್ನ ರಾತ್ರಿಗಳು ಆಸ್ಪತ್ರೆಯ ಹಾಸು ಹೊದಿಕೆ ಇಡುವ ಲಿನನ್ ಕೋಣೆಯಲ್ಲಿ ಕಳೆಯುತ್ತಿದ್ದವು. ನರ್ಸು ಹುಡುಗಿಯರು ಒಬ್ಬೊಬ್ಬರೇ ಬಂದು, ಮೊಣಕೈವರೆಗೆ ತೊಳೆದು, ಗೋಡೆಗೆ ಹಣೆ ಆನಿಸಿ, ನನ್ನ ಕಡೆ ಕೈ ಚಾಚುತ್ತಿದ್ದರು. ಗಿರಣಿಯ ದಣಿವು ಮೀನಖಂಡದಲ್ಲಿ ಕೂರುತ್ತದೆ. ಇವರದು ಗಂಟಲಲ್ಲಿ ಕೂರುತ್ತಿತ್ತು. ಒಬ್ಬಳು ದಣಿವು ಇಳಿದ ಮೇಲೆಯೇ ಅಳತೊಡಗುತ್ತಿದ್ದಳು, ಅಲ್ಲಿಯವರೆಗೆ ಅಳುವುದಕ್ಕೂ ಆಗಿರುತ್ತಿರಲಿಲ್ಲ. ಬೆಳಿಗ್ಗೆ ಮನೆಗೆ ಬಂದು ಹಿತ್ತಲಲ್ಲಿ ಬಟ್ಟೆ ನೆನೆಹಾಕಿ, ಸ್ನಾನ ಮಾಡಿ, ಹೊರಗಿನ ಕೋಣೆಯಲ್ಲಿ ಬೀಳುತ್ತಿದ್ದೆ. ಎದ್ದ ಮೇಲೆ ಅಡಿಗೆ. ಅವನಿಗೆ ಎತ್ತಲಾಗುವಷ್ಟು ಮಾತ್ರ ನೀರು ತುಂಬಿ ಬಿಂದಿಗೆಗಳನ್ನು ಇಡುವುದು, ಮಾತ್ರೆ ಬಿಡಿಸಿ ಬಟ್ಟಲಲ್ಲಿ ಹಾಕುವುದು, ತಟ್ಟೆಯನ್ನು ಹೊಸ್ತಿಲ ಮೇಲಿಟ್ಟು ಹಿಂದಕ್ಕೆ ಸರಿಯುವುದು. "ನಾಯಿಗೆ ಇಟ್ಟ ಹಾಗೆ ಇಡ್ತೀಯಲ್ಲೇ" ಅನ್ನುತ್ತಿದ್ದ. "ನಾಯಿ ಬೊಗಳಲ್ಲ ಉಣ್ಣುವಾಗ, ಸುಮ್ಮನೆ ತಿನ್ನು" ಅನ್ನುತ್ತಿದ್ದೆ. ಹೀಗೆ ನಡೆಯುತ್ತಿತ್ತು. ಅವನ ತುಟಿಯ ಬಣ್ಣ ಚೆನ್ನಾಗಿತ್ತು. ನಾನು ದಿನಾ ಎದ್ದ ಕೂಡಲೇ ನೋಡುತ್ತಿದ್ದದ್ದು ಅದನ್ನೇ.

ಆಮೇಲೆ ಶ್ರೀಕಂಠಯ್ಯನವರ ಬೀದಿಯಲ್ಲಿ ಜ್ವರ ಕಾಣಿಸಿಕೊಂಡು, ಎರಡೂ ಕಡೆ ಬೊಂಬು ಕಟ್ಟಿ ಬೀದಿ ಮುಚ್ಚಿದರು. ಅವರಿಗೆ ಜ್ವರವಿರಲಿಲ್ಲ, ಆದರೆ ಹೊರಗೆ ಬರುವ ಹಾಗಿಲ್ಲ. ದೊರೆಗೆ ಫೋನು ಮಾಡಿ ಪೇಚಾಡಿಕೊಂಡರಂತೆ. ಇದೆಲ್ಲ ನನಗೆ ಆಮೇಲೆ ಗೊತ್ತಾದದ್ದು. ಆ ವಾರ ಆಸ್ಪತ್ರೆಯಲ್ಲಿ ಜನ ತುಂಬಿಹೋಗಿ ಮಧ್ಯಾಹ್ನವೇ ಕರೆಸಿಕೊಳ್ಳುತ್ತಿದ್ದರು, ಸಂಜೆ ನಾನು ಮನೆಯಲ್ಲಿರುತ್ತಿರಲಿಲ್ಲ. ಬೆಳಿಗ್ಗೆ ಬಂದು ಕೇಳಿದರೆ ಕಿಟಕಿಗೆ ಮುಖ ಮಾಡಿಕೊಂಡು "ಬಂದಿದ್ದರು, ಹೋದರು" ಅಂದ ದೊರೆ. ಮರುದಿನವೂ ಅದನ್ನೇ ಅಂದ. ನಾನು ಕಣ್ಣು ಬಿಡಲಾಗದಷ್ಟು ತುಂಬಿ ಬರುತ್ತಿದ್ದೆ, ಹೂಂ ಅಂದು ಬಿದ್ದುಕೊಂಡೆ. ಅವನ ಮುಖವನ್ನು ನಾನು ಸರಿಯಾಗಿ ನೋಡಲಿಲ್ಲ.

ಮೂರನೆಯ ಬೆಳಿಗ್ಗೆ ಬಂದಾಗ ಅವನು ಗೋಡೆಗೆ ಒರಗಿ ಕೂತಿದ್ದ. ತೊಡೆಯ ಮೇಲೆ ಕೊಡೆ ಬಿಚ್ಚದೆ ಬಿದ್ದಿತ್ತು. ತುಟಿ ನೇರಳೆಹಣ್ಣು ತಿಂದವನ ಹಾಗಿತ್ತು, ಉಗುರೂ ಹಾಗೇ. ಹಿಂದಿನ ರಾತ್ರಿಯ ತಟ್ಟೆ ಹೊಸ್ತಿಲ ಮೇಲೆ ಇಟ್ಟ ಹಾಗೇ ಇತ್ತು, ಅಲ್ಲಿಯವರೆಗೆ ಬರುವುದಕ್ಕೂ ಅವನಿಗೆ ಆಗಿರಲಿಲ್ಲ. ನಾನು ಹೊಸ್ತಿಲು ದಾಟಿ ಕೈ ಚಾಚಿದ್ದೇ ಅವನು ತನ್ನ ಕೈಗಳನ್ನು ಕಂಬಳಿಯೊಳಗೆ ಎಳೆದುಕೊಂಡ.

"ಮುಟ್ಟಬೇಡ. ತುಂಬಿದೀಯ."

ಅವನು ಹೇಳಿದ್ದು ನಿಜ. ಆ ರಾತ್ರಿ ಎಷ್ಟು ಜನರ ಕೈ ಹಿಡಿದಿದ್ದೆನೋ ನನಗೇ ನೆನಪಿರಲಿಲ್ಲ. ಆಗ ಅವನನ್ನು ಮುಟ್ಟಿದ್ದರೆ ಅವನ ಎದೆ ನನ್ನ ಕೈಯಲ್ಲೇ ನಿಲ್ಲುತ್ತಿತ್ತು. "ಯಾಕೋ ಸುಳ್ಳು ಹೇಳಿದೆ?" ಅಂದೆ. "ಹೇಳಿದರೆ ಕೆಲಸ ಬಿಡ್ತಿದ್ದೆ" ಅಂದ. ಇಷ್ಟು ಹೇಳುವುದಕ್ಕೆ ನಡುವೆ ಎರಡು ಸಲ ಉಸಿರು ತೆಗೆದುಕೊಂಡ.

ಯಾರನ್ನು ಕರೆಯುವುದು ಅಂತ ಬೀದಿಯ ಕಡೆ ನೋಡಿದೆ. ಹೆದರಿಕೆಯೊಂದೇ ಆಗಿದ್ದರೆ ಯಾರನ್ನಾದರೂ ಕಾಲು ಹಿಡಿದು ಕರೆತರಬಹುದಿತ್ತು. ಆದರೆ ಖಾಲಿ ಕೈ ಯಾರ ಹತ್ತಿರವಿತ್ತು? ತಿಂಗಳುಗಟ್ಟಲೆ ತಮ್ಮ ತಮ್ಮ ದಣಿವು ಇಟ್ಟುಕೊಂಡು, ನಮ್ಮ ಹಾಗೆ ನಿದ್ದೆಯಲ್ಲಿ ಇಳಿಸಿಕೊಳ್ಳುವ ಅಭ್ಯಾಸವಿಲ್ಲದೆ, ಎಲ್ಲರೂ ಕಂಠಮಟ್ಟ ತುಂಬಿದ್ದರು. ಪುಟ್ಟತಾಯಿ ಅಂಗಳ ಗುಡಿಸಿ ಪೊರಕೆ ಹಿಡಿದೇ ಕೂತುಬಿಡುತ್ತಿದ್ದಳು. ಎಲಿಸಮ್ಮನಿಗೆ ಫೋನು ಮಾಡಿದೆ.

"ಇಲ್ಲಿಗೆ ಕರ್ಕೊಂಡು ಬರಬೇಡ" ಅಂದರು. "ನಡೆಯೋ ಜಾಗದಲ್ಲೂ ಜ್ವರದೋರು ಮಲಗಿದಾರೆ. ಇವನಿಗೆ ಅದೂ ಅಂಟಿದರೆ ಮುಗೀತು. ನೀನು ಎಷ್ಟು ಹೊತ್ತು ಮಲಗಿದರೆ ಖಾಲಿಯಾಗ್ತೀಯ?"

"ಸಂಜೆವರೆಗೆ ಒಂದೇ ಸಮನೆ ಮಲಗಿದರೆ."

"ಅಲ್ಲೀವರೆಗೆ ಅವನು ತಡೀತಾನಾ?"

"ಅಲುಗಾಡದೆ ಕೂತರೆ... ತಡೀಬಹುದು."

"ಹಾಗಾದರೆ ನನ್ನ ಜೊತೆ ಯಾಕೆ ಮಾತಾಡ್ತಿದೀಯ? ಫೋನಿಟ್ಟು ಮಲಗು."

ಸ್ನಾನ ಮಾಡಿ ಬಂದು ಹೊರಗಿನ ಕೋಣೆಯಲ್ಲಿ, ಅವನು ಕಾಣುವ ಹಾಗೆ ಮಲಗಿದೆ. ಹೊರುವವಳಿಗೆ ನಿದ್ದೆ ಕಷ್ಟವಲ್ಲ, ಅದು ನಮ್ಮ ಕಸುಬಿನ ಅರ್ಧ ಪಾಲು. ಆದರೆ ಆ ದಿನ ಬರಲಿಲ್ಲ. ಮೈಯೆಲ್ಲ ಕಲ್ಲಾಗಿದ್ದರೂ ಕಿವಿ ಮಾತ್ರ ಅವನ ಕೋಣೆಯಲ್ಲಿತ್ತು. ಒಂದು ಉಸಿರು, ಇನ್ನೊಂದು ಉಸಿರು. ನಡುವೆ ಸ್ವಲ್ಪ ತಡವಾದರೆ ಒಂದು, ಎರಡು ಅಂತ ಎಣಿಸುತ್ತಿದ್ದೆ. ಹೊರಗೆ ಬೀದಿ ಆಗ ತಾನೇ ಏಳುತ್ತಿತ್ತು. ತರಕಾರಿ ಗಾಡಿಯ ಬಾಷಾ ದೂರದಲ್ಲಿ ಗಂಟೆ ಬಾರಿಸುತ್ತಾ ಬರುತ್ತಿದ್ದ. ಪುಟ್ಟತಾಯಿಯ ಮನೆಯಲ್ಲಿ ಕುಕ್ಕರು ಕೂಗಿತು.

"ಅಕ್ಕ" ಅಂದ ದೊರೆ. "ಕಣ್ಣು ಮುಚ್ಚಿಕೊಂಡು ಎಚ್ಚರ ಇದೀಯ."

"ನೀನು ಉಸಿರಾಡೋದು ಕೇಳಿಸ್ಕೋತಿದೀನಿ."

"ನೀನು ಕೇಳಿಸ್ಕೊಂಡರೆ ಚೆನ್ನಾಗಿ ಆಡ್ತೀನಾ? ಆ ಕಡೆ ತಿರುಗಿ ಮಲಕ್ಕೋ."

ತಿರುಗಿದೆ. ಟಿಕ್ ಟಿಕ್ ಅಂತ ಸದ್ದಾಯಿತು. ಕತ್ತು ಹೊರಳಿಸಿ ನೋಡಿದರೆ ಅವನು ಕೂತಲ್ಲಿಂದಲೇ ಕೊಡೆಕಡ್ಡಿಯಿಂದ ಕಿಟಕಿಯ ಸರಳನ್ನು ಬಡಿಯುತ್ತಿದ್ದ. ಕೂಗುವ ತ್ರಾಣವಿರಲಿಲ್ಲ. ಪುಟ್ಟತಾಯಿ ಎದುರು ಕಿಟಕಿಗೆ ಬಂದಳು. ದೊರೆ ನನ್ನ ಕಡೆ ತೋರಿಸಿದ, ಕೆನ್ನೆಗೆ ಅಂಗೈ ಇಟ್ಟು ತಲೆ ವಾಲಿಸಿದ, ಆಮೇಲೆ ತನ್ನ ಎರಡು ಅಂಗೈ ಒಂದಕ್ಕೊಂದು ಹಚ್ಚಿ ತೋರಿಸಿದ. ಪುಟ್ಟತಾಯಿ ಅವನ ತುಟಿಯನ್ನು ಒಂದು ಸಲ, ತೆರೆದ ಬಾಗಿಲಿನೊಳಗೆ ನನ್ನನ್ನು ಒಂದು ಸಲ ನೋಡಿದಳು. ನಮ್ಮೂರಿನವರಿಗೆ ಇದಕ್ಕಿಂತ ಬಿಡಿಸಿ ಹೇಳಬೇಕಾಗಿಲ್ಲ. ಅವಳು ಕಿಟಕಿಯಿಂದ ಮಾಯವಾದಳು. ಮತ್ತೆ ಕೂಗತೊಡಗಿದ್ದ ಕುಕ್ಕರು ಅರ್ಧಕ್ಕೇ ನಿಂತಿತು.

ಉಳಿದದ್ದನ್ನು ಜನ ಹೇಳಿ ಕೇಳಿದ್ದೇನೆ. ಪುಟ್ಟತಾಯಿಯ ಸೊಸೆಯಂದಿರು ಮನೆಮನೆಯ ಬಾಗಿಲಿಗೆ ಹೋಗಿ ದೂರದಿಂದಲೇ ಬಾಯಿಗೆ ಬೆರಳಿಟ್ಟು ತೋರಿಸಿದರಂತೆ. ಒಬ್ಬರು ಮಿಕ್ಸಿ ನಿಲ್ಲಿಸಿ ಒರಳಲ್ಲಿ ರುಬ್ಬಲು ಹೋಗಿ, ಅದೂ ಸದ್ದಾಗುತ್ತೆ ಅಂತ ಚಟ್ನಿಯನ್ನೇ ಬಿಟ್ಟರಂತೆ. ಬಾಷಾ ಗಾಡಿಯನ್ನು ಮೂಲೆಯಲ್ಲೇ ನಿಲ್ಲಿಸಿ, ಎರಡು ಬುಟ್ಟಿ ಕೈಗೆ ತೂಗುಹಾಕಿಕೊಂಡು ಬಂದು, ಪ್ರತಿ ಬಾಗಿಲಲ್ಲೂ "ಬದನೇಕಾಯಿ, ಹೀರೇಕಾಯಿ" ಅಂತ ಗುಟ್ಟು ಹೇಳುವವನ ಹಾಗೆ ಪಿಸುಗುಟ್ಟಿದನಂತೆ. ಮೈಕಿನ ಜೀಪು ಬಂದಾಗ ಪುಟ್ಟತಾಯಿ ಬೀದಿ ನಡುವೆ ಎರಡೂ ಕೈ ಅಗಲಿಸಿ ನಿಂತಳಂತೆ. ಮುಟ್ಟುವ ಹಾಗಿಲ್ಲ, ಸರಿಸುವ ಹಾಗಿಲ್ಲ, ಡ್ರೈವರು ಏನು ಮಾಡುತ್ತಾನೆ? ಹಿಂದಕ್ಕೆ ತೆಗೆದುಕೊಂಡ. ನಮ್ಮ ಬೀದಿ ಹಗಲಲ್ಲಿ ಅಷ್ಟು ಸುಮ್ಮನಿದ್ದದ್ದನ್ನು ನಾನು ಕಂಡಿಲ್ಲ. ಅವತ್ತೂ ಕಾಣಲಿಲ್ಲ, ಅಷ್ಟರಲ್ಲಿ ನಿದ್ದೆ ಬಂದಿತ್ತು.

ಎಚ್ಚರವಾದಾಗ ಬಿಸಿಲು ಎದುರು ಗೋಡೆ ಹತ್ತಿತ್ತು. ಮೈ ಹಗುರವಾಗಿತ್ತು, ಪೂರ್ತಿ ಅಲ್ಲ. ಎಷ್ಟು ಇಳಿದಿದೆ, ಎಷ್ಟು ಉಳಿದಿದೆ ಅಂತ ಮಲಗಿದಲ್ಲೇ ಕಾಲು ಮಡಚಿ ನೋಡಿಕೊಂಡೆ. ಒಳಗಿನಿಂದ ಉಸಿರಿನ ಸದ್ದು ಕೇಳಿಸಲಿಲ್ಲ. ಎದ್ದು ನೋಡಿದರೆ ದೊರೆ ಅದೇ ಗೋಡೆಗೆ ಒರಗಿ, ಕಣ್ಣು ಮುಚ್ಚಿ ಕೂತಿದ್ದ. ಬಚ್ಚಲಿಗೆ ಓಡಿ ಸೋಪಿನಲ್ಲಿ ಕೈ ತೊಳೆದೆ. ಚರ್ಮ ಸುಲಿದು ಉರಿಯಿತು. ಮುಖಕ್ಕೆ ಬಟ್ಟೆ ಕಟ್ಟಿಕೊಂಡು ಬಂದು ಕಂಬಳಿ ಸರಿಸಿ ಅವನ ಕೈ ತೆಗೆದುಕೊಂಡೆ. ತಣ್ಣಗಿತ್ತು.

ಏನೂ ಆಗಲಿಲ್ಲ. ನಾನು ಇನ್ನೂ ಅವನಿಗಿಂತ ತುಂಬಿದ್ದರೆ ಮೊದಲು ನನ್ನ ಮೀನಖಂಡ ಹಗುರವಾಗುತ್ತದೆ. ಹಾಗಾದ ಕೂಡಲೇ ಕೈ ಕಿತ್ತುಕೊಳ್ಳಬೇಕು ಅಂತ ಕಾಲಿನ ಮೇಲೇ ಗಮನವಿಟ್ಟು ಕೂತೆ. ಕಾಲು ಹಗುರವಾಗಲಿಲ್ಲ. ಹಾಗೇ ಇತ್ತು, ಹಾಗೇ ಇತ್ತು, ಆಮೇಲೆ ಮಣಿಕಟ್ಟಿನ ಹತ್ತಿರ ಏನೋ ಒಂದು ಎಳೆ ಹತ್ತಿದ ಹಾಗಾಯಿತು. ಮೊಣಕೈ ಭಾರವಾಯಿತು. ಭುಜ ಜಗ್ಗಿತು. ಬೇರೆ ಯಾರ ದಣಿವೂ ಹಾಗಿರುವುದಿಲ್ಲ, ಅವನದು ಬಡಿದುಕೊಳ್ಳುತ್ತಾ ಬರುತ್ತದೆ.

ದೊರೆ ಕಣ್ಣು ಬಿಟ್ಟ. "ಬಂತಾ?"

"ಬರ್ತಾ ಇದೆ. ಮಾತಾಡಬೇಡ."

"ಗೊರಕೆ ಹೊಡೀತಿದ್ದೆ ನೀನು. ಇಡೀ ಬೀದಿಗೆ ನಿಂದೊಬ್ಬಳದೇ ಸದ್ದು."

ಹೊರಗಿನ ಕೋಣೆಯಲ್ಲಿ ಫೋನು ಹೊಡೆದುಕೊಳ್ಳತೊಡಗಿತು. ನಾನು ಆಸ್ಪತ್ರೆಗೆ ಹೊರಡಬೇಕಾದ ಹೊತ್ತು ಮೀರಿತ್ತು.

"ಎಲಿಸಮ್ಮ ಇರಬೇಕು" ಅಂದ.

"ಗೊತ್ತು."

"ಆ ಹುಡುಗಿಯರು ಕಾಯ್ತಿರ್ತಾರೆ."

"ಅದೂ ಗೊತ್ತು. ಕೈ ಅಲುಗಾಡಿಸಬೇಡ."

ಫೋನು ನಿಂತಿತು, ಮತ್ತೆ ಶುರುವಾಯಿತು. ಲಿನನ್ ಕೋಣೆಯಲ್ಲಿ ಗೋಡೆಗೆ ಹಣೆ ಆನಿಸಿ ನಿಂತ ಹುಡುಗಿಯರ ಬೆನ್ನು ಕಣ್ಣಿಗೆ ಕಟ್ಟಿತು. ಇವನ ಇಷ್ಟು ದಿನದ ದಣಿವು ಇಳಿಸಿಕೊಂಡ ಮೇಲೆ ನಾನು ಹೋಗಲಾರೆ, ಆ ರಾತ್ರಿ ಅವರ ದಣಿವನ್ನು ಯಾರೂ ಹೊರುವುದಿಲ್ಲ ಅನ್ನುವುದು ನನಗೆ ಗೊತ್ತಿತ್ತು. ನನ್ನ ಬೆನ್ನು ಬಾಗುತ್ತಾ ಬಂತು. ಇನ್ನೊಂದು ಕೈಯನ್ನು ನೆಲಕ್ಕೆ ಊರಿಕೊಂಡು, ಅವನ ತುಟಿಯ ಅಂಚಿನಲ್ಲಿ ನೇರಳೆ ಬಣ್ಣ ಕೆಂಪಿಗೆ ತಿರುಗುವುದನ್ನೇ ನೋಡುತ್ತಾ ಕೂತೆ.